ತಿಂಗಳ ಹೊಟ್ಟೆನೋವು ಬರೀ ‘ಗ್ಯಾಸ್ಟ್ರಿಕ್’ ಅಲ್ಲದೇ ಇರಬಹುದು: ಎಂಡೊಮೆಟ್ರಿಯೋಸಿಸ್‌ಗೂ ಕರುಳಿನ ಉರಿಯೂತಕ್ಕೂ ಏನು ನಂಟು?

ಮೆಡಿಕಲ್ ಶಾಪ್ ನಡೆಸೋರಿಗೆ ಇದು ದಿನಾ ಕಾಣೋ ದೃಶ್ಯ. ಒಬ್ಬ ಹೆಣ್ಣುಮಗಳು ಬರ್ತಾಳೆ, ಕೌಂಟರ್ ಹತ್ತಿರ ಗಂಡಸರು ನಿಂತಿದ್ರೆ ಅವರು ಹೋಗೋವರೆಗೂ ಕಾಯ್ತಾಳೆ, ಆಮೇಲೆ ಮೆಲ್ಲಗೆ “ಹೊಟ್ಟೆನೋವಿಗೆ ಮಾತ್ರೆ ಕೊಡಿ” ಅಂತಾಳೆ. ಯಾವ ಹೊಟ್ಟೆನೋವು ಅಂತ ಅಂಗಡಿಯವರು ಕೇಳಲ್ಲ, ಅವಳೂ ಹೇಳಲ್ಲ. ಎರಡು ಮಾತ್ರೆ ಕತ್ತರಿಸಿ ಪೇಪರ್ ಕವರ್‌ನಲ್ಲಿ ಹಾಕಿ ಕೊಟ್ಟರೆ ವ್ಯವಹಾರ ಮುಗೀತು. ಮುಂದಿನ ತಿಂಗಳು ಮತ್ತೆ ಅದೇ.

ಈ ‘ಯಾವ ಹೊಟ್ಟೆನೋವು’ ಅನ್ನೋ ಪ್ರಶ್ನೆಯಲ್ಲೇ ಎರಡು ದೊಡ್ಡ ಕಾಯಿಲೆಗಳು ಅಡಗಿರಬಹುದು. ಒಂದು ಗರ್ಭಕೋಶಕ್ಕೆ ಸಂಬಂಧಪಟ್ಟ ಎಂಡೊಮೆಟ್ರಿಯೋಸಿಸ್. ಇನ್ನೊಂದು ಕರುಳಿನ ಉರಿಯೂತದ ಕಾಯಿಲೆ, ಡಾಕ್ಟ್ರು ಚೀಟಿಯಲ್ಲಿ ಐಬಿಡಿ ಅಂತ ಬರೆಯೋದು. ಇವೆರಡೂ ಬೇರೆ ಬೇರೆ ಕಾಯಿಲೆ. ಆದರೆ ಒಂದರ ಲಕ್ಷಣ ಇನ್ನೊಂದರ ಥರಾನೇ ಇರುತ್ತೆ. ಸಾಲದ್ದಕ್ಕೆ, ಒಂದು ಇದ್ದವರಿಗೆ ಇನ್ನೊಂದು ಬರೋ ಸಾಧ್ಯತೆ ಸ್ವಲ್ಪ ಜಾಸ್ತಿ ಅಂತ ಡೆನ್ಮಾರ್ಕ್ ದೇಶದ ಲೆಕ್ಕ ತೋರಿಸಿದೆ. ‘ಸ್ವಲ್ಪ’ ಅಂದ್ರೆ ಎಷ್ಟು ಅನ್ನೋದು ಮುಖ್ಯ, ಅದಕ್ಕೆ ಆಮೇಲೆ ಬರೋಣ.

ಗರ್ಭಕೋಶದ ಒಳಪದರ ಹೊರಗೆ ಬೆಳೆದಾಗ

ಗರ್ಭಕೋಶದ ಒಳಗೆ ಒಂದು ಪದರ ಇರುತ್ತೆ. ಪ್ರತಿ ತಿಂಗಳು ಅದು ದಪ್ಪ ಆಗಿ, ಗರ್ಭ ನಿಲ್ಲದಿದ್ದರೆ ಕಳಚಿ ಮುಟ್ಟಾಗಿ ಹೊರಗೆ ಹೋಗುತ್ತೆ. ಇದೇ ಥರದ ಅಂಗಾಂಶ ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಪೊರೆಯ ಮೇಲೆ, ಮೂತ್ರಕೋಶದ ಮೇಲೆ, ಕರುಳಿನ ಮೇಲೆ ಬೆಳೆದರೆ ಅದೇ ಎಂಡೊಮೆಟ್ರಿಯೋಸಿಸ್. ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ ‘ಚಾಕೊಲೇಟ್ ಸಿಸ್ಟ್’ ಅಂತ ಬರೆದಿರೋದನ್ನ ಕೆಲವರು ನೋಡಿರಬಹುದು. ಅಂಡಾಶಯದಲ್ಲಿ ಹಳೇ ರಕ್ತ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿದ ಗಂಟು ಅದು. ಅದೂ ಈ ಕಾಯಿಲೆಯ ಒಂದು ರೂಪ.

ಹೊರಗೆ ಬೆಳೆದ ಈ ತುಣುಕುಗಳಿಗೂ ಹಾರ್ಮೋನಿನ ಆಜ್ಞೆ ತಲುಪುತ್ತೆ. ಮುಟ್ಟಿನ ದಿನಗಳಲ್ಲಿ ಅವೂ ಊದಿಕೊಳ್ತವೆ, ರಕ್ತ ಒಸರ್ತವೆ. ಆದರೆ ಆ ರಕ್ತ ಹೊರಗೆ ಹೋಗೋಕೆ ದಾರಿ ಇಲ್ಲ. ಸುತ್ತಲಿನ ಜಾಗ ಕೆಂಪಾಗಿ ಉರಿಯುತ್ತೆ, ಮಾಯುವಾಗ ಗಾಯದ ಕಲೆ ಥರ ಗಟ್ಟಿಯಾಗುತ್ತೆ. ವರ್ಷಗಟ್ಟಲೆ ಹೀಗೇ ನಡೆದು ಕೊನೆಗೆ ಕರುಳು, ಗರ್ಭಕೋಶ, ಅಂಡಾಶಯ ಒಂದಕ್ಕೊಂದು ಅಂಟಿಕೊಳ್ಳೋದೂ ಉಂಟು.

ಇದು ಯಾಕೆ ಆಗುತ್ತೆ? ಅಮೆರಿಕದ ಜಾನ್ ಸ್ಯಾಂಪ್ಸನ್ ಎಂಬ ವೈದ್ಯರು 1920ರ ದಶಕದಲ್ಲೇ ಒಂದು ವಿವರಣೆ ಕೊಟ್ಟರು. ಮುಟ್ಟಿನ ರಕ್ತದಲ್ಲಿ ಒಂದಿಷ್ಟು ಕೆಳಗೆ ಹೋಗದೆ ಗರ್ಭನಾಳದ ಮೂಲಕ ಹಿಮ್ಮುಖವಾಗಿ ಹೊಟ್ಟೆಯೊಳಗೆ ಬೀಳುತ್ತೆ, ಅಲ್ಲಿ ಬೇರು ಬಿಡುತ್ತೆ ಅಂತ. ಈ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ಆದರೆ ಇಲ್ಲೊಂದು ತೊಡಕು. ಹೀಗೆ ಹಿಮ್ಮುಖ ಹರಿಯೋದು ಬಹುಪಾಲು ಹೆಂಗಸರಲ್ಲಿ ಆಗುತ್ತೆ. ಕಾಯಿಲೆ ಬರೋದು ಮಾತ್ರ ಕೆಲವರಿಗೆ. ಉಳಿದವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಆ ತುಣುಕುಗಳನ್ನ ಗುಡಿಸಿ ಹಾಕುತ್ತೆ, ಇವರಲ್ಲಿ ಗುಡಿಸೋ ಕೆಲಸ ಎಲ್ಲೋ ಕೆಡುತ್ತೆ ಅನ್ನೋದು ಸಂಶೋಧಕರ ಅನುಮಾನ. ಈ ಅನುಮಾನವನ್ನ ನೆನಪಲ್ಲಿಡಿ. ಕರುಳಿನ ಕಾಯಿಲೆಯ ನಂಟು ಇಲ್ಲಿಂದಲೇ ಶುರುವಾಗೋದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಮುಟ್ಟಾಗೋ ವಯಸ್ಸಿನವರಲ್ಲಿ ಸುಮಾರು ನೂರಕ್ಕೆ ಹತ್ತು ಜನರಿಗೆ ಈ ಕಾಯಿಲೆ ಇದೆ. ಜಗತ್ತಿನಲ್ಲಿ ಸುಮಾರು 19 ಕೋಟಿ. ಹಾಗಾದ್ರೆ ಊರಲ್ಲಿ ಈ ಹೆಸರು ಕೇಳಿದವರು ಯಾಕೆ ಇಷ್ಟು ಕಡಿಮೆ? “ಮುಟ್ಟಾದ್ರೆ ನೋವು ಬರದೇ ಇರುತ್ತಾ, ಎಲ್ಲರಿಗೂ ಇದ್ದಿದ್ದೇ” ಅನ್ನೋ ಒಂದು ಮಾತು ಅಮ್ಮನಿಂದ, ಅತ್ತೆಯಿಂದ, ಕೆಲವು ಸಲ ಡಾಕ್ಟ್ರಿಂದಲೂ ಬರುತ್ತೆ. ಅಲ್ಲಿಗೆ ವಿಚಾರಣೆ ಮುಗಿಯುತ್ತೆ. ಮುಂದುವರಿದ ದೇಶಗಳಲ್ಲೂ ನೋವು ಶುರುವಾದಾಗಿಂದ ಕಾಯಿಲೆಯ ಹೆಸರು ಗೊತ್ತಾಗೋಕೆ ಎಷ್ಟೋ ವರ್ಷ ಹಿಡಿಯುತ್ತೆ, ಹತ್ತು ವರ್ಷ ದಾಟಿದ ಉದಾಹರಣೆಗಳೂ ಬೇಕಾದಷ್ಟಿವೆ.

ಕರುಳಿನ ಕಡೆ ಏನಾಗುತ್ತೆ

ಐಬಿಡಿ ಅಂದ್ರೆ ಒಂದೇ ಕಾಯಿಲೆ ಅಲ್ಲ, ಮುಖ್ಯವಾಗಿ ಎರಡು. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗುತ್ತೆ. ಕ್ರೋನ್ಸ್ ಕಾಯಿಲೆ ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯ ಇಡೀ ದಪ್ಪವನ್ನ ತಿನ್ನಬಹುದು. ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಅವರ ಜೊತೆಗಾರ ವೈದ್ಯರು 1932ರಲ್ಲಿ ಅದರ ಬಗ್ಗೆ ಬರೆದರು, ಹಾಗಾಗಿ ಅವರ ಹೆಸರೇ ಉಳೀತು.

ಎರಡರಲ್ಲೂ ದೇಹದ ರಕ್ಷಣಾ ಪಡೆಯೇ ತನ್ನ ಕರುಳಿನ ಮೇಲೆ ತಿರುಗಿ ಬೀಳುತ್ತೆ. ವಾರಗಟ್ಟಲೆ ಭೇದಿ, ಮಲದಲ್ಲಿ ರಕ್ತ, ಲೋಳೆ, ರಾತ್ರಿ ನಿದ್ದೆಯಿಂದ ಎದ್ದು ಓಡಬೇಕಾದ ಅವಸರ, ತೂಕ ಇಳಿಯೋದು, ರಕ್ತಹೀನತೆ, ಆಗಾಗ ಜ್ವರ. ಕೆಲವರಿಗೆ ಕೀಲುನೋವು, ಬಾಯಿಹುಣ್ಣು. ಕ್ರೋನ್ಸ್‌ನಲ್ಲಿ ಗುದದ ಪಕ್ಕ ಕೀವು ಸೋರೋ ಭಗಂದರವೂ ಆಗಬಹುದು. ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ ‘ಮೂಲವ್ಯಾಧಿ, ಭಗಂದರ ಆಪರೇಷನ್ ಇಲ್ಲದೆ ಗುಣ’ ಅಂತ ಬರೆದಿರ್ತಾರಲ್ಲ, ಅಲ್ಲಿಗೆ ಹೋಗೋರಲ್ಲಿ ಕ್ರೋನ್ಸ್ ಇರೋರೂ ಇರಬಹುದು ಅನ್ನೋದು ಬೋರ್ಡ್ ಹಾಕಿದವರಿಗೂ ಗೊತ್ತಿರಲ್ಲ.

‘ಇದೆಲ್ಲ ವಿದೇಶದವರ ಕಾಯಿಲೆ’ ಅನ್ನೋ ನಂಬಿಕೆ ಡಾಕ್ಟ್ರುಗಳಲ್ಲೂ ಬಹಳ ಕಾಲ ಇತ್ತು. ಪಂಜಾಬಿನಲ್ಲಿ ಮನೆ ಮನೆ ಸಮೀಕ್ಷೆ ಮಾಡಿ 51,910 ಜನರನ್ನ ವಿಚಾರಿಸಿದಾಗ 23 ಜನರಿಗೆ ಅಲ್ಸರೇಟಿವ್ ಕೊಲೈಟಿಸ್ ಸಿಕ್ಕಿತು. 2003ರಲ್ಲಿ ಪ್ರಕಟವಾದ ಆ ವರದಿಯ ಲೆಕ್ಕದಲ್ಲಿ ಲಕ್ಷಕ್ಕೆ ಸುಮಾರು 44 ಜನ. ಅದೇ ದರ ಇಲ್ಲೂ ಇದೆ ಅಂತ ಹೇಳೋಕಾಗಲ್ಲ. ಇದ್ದರೆ ಎರಡು ಲಕ್ಷ ಜನಸಂಖ್ಯೆಯ ತಾಲೂಕಿಗೆ ಎಂಬತ್ತಕ್ಕೂ ಹೆಚ್ಚು ಮಂದಿ ಆಗ್ತಾರೆ.

ಇನ್ನೊಂದು ಗೊಂದಲವನ್ನ ಇಲ್ಲೇ ಬಗೆಹರಿಸಬೇಕು. ಐಬಿಡಿ ಬೇರೆ, ಐಬಿಎಸ್ ಬೇರೆ. ಒಂದೇ ಅಕ್ಷರದ ವ್ಯತ್ಯಾಸ. ಐಬಿಎಸ್‌ನಲ್ಲಿ ಹೊಟ್ಟೆ ನುಲಿಯುತ್ತೆ, ಉಬ್ಬರಿಸುತ್ತೆ, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ. ಆದರೆ ಕರುಳಲ್ಲಿ ಹುಣ್ಣಿರಲ್ಲ, ರಕ್ತ ಹೋಗಲ್ಲ. ಎಂಡೊಮೆಟ್ರಿಯೋಸಿಸ್ ಇರೋ ಎಷ್ಟೋ ಜನರಿಗೆ ಮೊದಲು ಸಿಗೋ ಹೆಸರು ಇದೇ ಐಬಿಎಸ್. ಹಳ್ಳಿ ಕಡೆ ಅದಕ್ಕೂ ಮೊದಲು ‘ಗ್ಯಾಸ್ಟ್ರಿಕ್’.

ಡೆನ್ಮಾರ್ಕ್ ಲೆಕ್ಕ ಏನು ಹೇಳುತ್ತೆ

ಎರಡೂ ಕಾಯಿಲೆ ಒಬ್ಬರಲ್ಲೇ ಕಾಣೋದು ವೈದ್ಯರಿಗೆ ಅಲ್ಲೊಂದು ಇಲ್ಲೊಂದು ಗೊತ್ತಿತ್ತು. ಅದು ಕಾಕತಾಳೀಯವೋ ಅಲ್ಲವೋ ಅಂತ ತಿಳಿಯೋಕೆ ಸಾವಿರಾರು ಹೆಂಗಸರನ್ನ ಹತ್ತಾರು ವರ್ಷ ಹಿಂಬಾಲಿಸಬೇಕು. ಅದು ಸಾಧ್ಯ ಆಗಿದ್ದು ಡೆನ್ಮಾರ್ಕ್‌ನಲ್ಲಿ.

ಅಲ್ಲಿ 1968ರಿಂದಲೇ ಪ್ರತಿಯೊಬ್ಬ ನಿವಾಸಿಗೂ ಒಂದು ನಂಬರ್ ಇದೆ. ನಮ್ಮ ಆಧಾರ್ ಥರ ಅಂದ್ಕೊಳ್ಳಿ. ವ್ಯತ್ಯಾಸ ಏನಂದ್ರೆ, 1977ರಿಂದ ಯಾರೇ ಆಸ್ಪತ್ರೆಗೆ ದಾಖಲಾದರೂ ಕಾಯಿಲೆ ಏನು ಅನ್ನೋದು ಆ ನಂಬರಿನ ಜೊತೆ ರಾಷ್ಟ್ರಮಟ್ಟದ ದಾಖಲೆಗೆ ಸೇರುತ್ತೆ. ಇಲ್ಲಿ ಓಪಿಡಿ ಚೀಟಿ ಮನೆಗೆ ಬರೋಷ್ಟರಲ್ಲಿ ಬ್ಯಾಗಿನಲ್ಲಿ ಮುದುಡಿ ಹೋಗಿರುತ್ತೆ.

ಆ ದಾಖಲೆಗಳನ್ನ ಜೋಡಿಸಿ ಟೀನ್ ಯೆಸ್ ಮತ್ತು ಸಂಗಡಿಗರು 2012ರಲ್ಲಿ ‘ಗಟ್’ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಅಧ್ಯಯನ ಪ್ರಕಟಿಸಿದರು. 1977ರಿಂದ 2007ರ ನಡುವೆ ಎಂಡೊಮೆಟ್ರಿಯೋಸಿಸ್ ಅಂತ ಆಸ್ಪತ್ರೆಗೆ ದಾಖಲಾದ 37,661 ಹೆಂಗಸರು. ಅವರಲ್ಲಿ ಮುಂದೆ 228 ಜನರಿಗೆ ಅಲ್ಸರೇಟಿವ್ ಕೊಲೈಟಿಸ್, 92 ಜನರಿಗೆ ಕ್ರೋನ್ಸ್ ಬಂತು. ಉಳಿದ ಸಾಮಾನ್ಯ ಹೆಂಗಸರಿಗೆ ಹೋಲಿಸಿದರೆ ಇದು ಒಂದೂವರೆ ಪಟ್ಟು. ಆಪರೇಷನ್ ಮಾಡಿ ಕಣ್ಣಾರೆ ಕಂಡು ಖಚಿತಪಡಿಸಿದ ಎಂಡೊಮೆಟ್ರಿಯೋಸಿಸ್ ಪ್ರಕರಣಗಳನ್ನಷ್ಟೇ ತಗೊಂಡರೆ ಇನ್ನೂ ಸ್ವಲ್ಪ ಹೆಚ್ಚು.

ಒಂದೂವರೆ ಪಟ್ಟು ಅಂದ ಕೂಡಲೇ ಎದೆ ಹೊಡ್ಕೊಳ್ಳೋದು ಸಹಜ. ವಾಟ್ಸ್ಆ್ಯಪ್‌ನಲ್ಲಿ ಆದ್ರೆ ಇಷ್ಟನ್ನೇ ದಪ್ಪಕ್ಷರದಲ್ಲಿ ಹಾಕಿ ಕಳಿಸಿಬಿಡ್ತಾರೆ. ಲೆಕ್ಕ ಹಾಕಿ ನೋಡಿ. 228 ಮತ್ತು 92 ಸೇರಿದರೆ 320. ಮೂವತ್ತೇಳು ಸಾವಿರದ ಮೇಲೆ ಇರೋ ಹೆಂಗಸರಲ್ಲಿ 320 ಅಂದ್ರೆ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಕಾಯಿಲೆಯ ನಂಟೇ ಇಲ್ಲದಿದ್ದರೂ ಅಷ್ಟು ಜನರಲ್ಲಿ ಸುಮಾರು 210 ಮಂದಿಗೆ ಬರ್ತಾ ಇತ್ತು. ಅಂಗಡಿ ವ್ಯಾಪಾರಕ್ಕೆ ಹೋಲಿಸೋದಾದ್ರೆ, ದಿನಕ್ಕೆ ಎರಡು ರೂಪಾಯಿ ಲಾಭ ಬರೋ ಸಾಮಾನಿನಲ್ಲಿ ಮೂರು ರೂಪಾಯಿ ಬಂದರೂ ‘ಒಂದೂವರೆ ಪಟ್ಟು’ ಅಂತಲೇ ಹೇಳಬಹುದು. ಎಂಡೊಮೆಟ್ರಿಯೋಸಿಸ್ ಇರೋ ಬಹುಪಾಲು ಹೆಂಗಸರಿಗೆ ಐಬಿಡಿ ಬರಲ್ಲ.

ಆದರೂ ಈ ಅಧ್ಯಯನವನ್ನ ತಳ್ಳಿಹಾಕೋ ಹಾಗಿಲ್ಲ. ಒಬ್ಬರು ಆಸ್ಪತ್ರೆಗೆ ಹೋದ ಮೇಲೆ ಜಾಸ್ತಿ ಟೆಸ್ಟ್ ಮಾಡಿಸ್ತಾರೆ, ಹಾಗಾಗಿ ಎರಡನೇ ಕಾಯಿಲೆ ಸಿಗುತ್ತೆ ಅಷ್ಟೇ ಅಂತ ಯಾರಾದ್ರೂ ವಾದಿಸಬಹುದು. ಆದರೆ ಎಂಡೊಮೆಟ್ರಿಯೋಸಿಸ್ ಪತ್ತೆಯಾಗಿ ಇಪ್ಪತ್ತು ವರ್ಷ ಕಳೆದ ಮೇಲೂ ಆ ವ್ಯತ್ಯಾಸ ಹಾಗೇ ಇತ್ತು. ಟೆಸ್ಟಿನ ಭರಾಟೆ ಇಪ್ಪತ್ತು ವರ್ಷ ನಡೆಯಲ್ಲ.

ಕಾರಣ ಏನಿರಬಹುದು? ಸಂಶೋಧಕರು ಎರಡು ಸಾಧ್ಯತೆ ಮುಂದಿಟ್ಟರು. ಒಂದು, ಎರಡೂ ಕಾಯಿಲೆಯಲ್ಲಿ ರಕ್ಷಣಾ ವ್ಯವಸ್ಥೆಯ ಎಡವಟ್ಟು ಒಂದೇ ಥರದ್ದು ಅನ್ನೋದು. ಉರಿಯೂತ ಹೆಚ್ಚಿಸೋ ಕೆಲವು ರಾಸಾಯನಿಕಗಳು ಎರಡರಲ್ಲೂ ಹೆಚ್ಚಿರ್ತವೆ. ಎರಡು, ಎಂಡೊಮೆಟ್ರಿಯೋಸಿಸ್‌ಗೆ ಕೊಡೋ ಗರ್ಭನಿರೋಧಕ ಮಾತ್ರೆಗಳ ಪ್ರಭಾವ ಇರಬಹುದು ಅನ್ನೋದು. ಎರಡನೇದನ್ನ ಓದಿ ಮಾತ್ರೆ ನಿಲ್ಲಿಸೋಕೆ ಹೋಗಬೇಡಿ. ಅದು ‘ಇರಬಹುದು’ ಅಷ್ಟೇ, ಸಾಬೀತಾದ ಮಾತಲ್ಲ. ಆ ಮಾತ್ರೆ ನಿಲ್ಲಿಸಿದರೆ ನೋವು ಮರಳಿ ಬರೋದಂತೂ ಸಾಮಾನ್ಯ.

ಒಂದನ್ನ ಇನ್ನೊಂದು ಅಂದುಕೊಳ್ಳೋದು

ಅಂಕಿ-ಅಂಶದ ನಂಟಿಗಿಂತ ದಿನನಿತ್ಯದಲ್ಲಿ ಹೆಚ್ಚು ತೊಂದರೆ ಕೊಡೋದು ಈ ಅದಲು ಬದಲು.

ಎಂಡೊಮೆಟ್ರಿಯೋಸಿಸ್ ಇರೋರಲ್ಲಿ ಸುಮಾರು ನೂರಕ್ಕೆ 5ರಿಂದ 12 ಜನರಿಗೆ ಅದು ಕರುಳಿಗೇ ಹತ್ತಿರುತ್ತೆ ಅಂತ ಅಂದಾಜು. ಬಹುಪಾಲು ಗರ್ಭಕೋಶದ ಹಿಂದೆಯೇ ಇರೋ ಮಲಾಶಯ ಮತ್ತು ಅದರ ಮೇಲಿನ ಭಾಗದಲ್ಲಿ. ಅವರಿಗೆ ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಕೂತರೆ ಚುಚ್ಚಿದಂಥ ನೋವು, ಭೇದಿ ಅಥವಾ ಮಲಬದ್ಧತೆ, ಹೊಟ್ಟೆ ತಮಟೆ ಥರ ಉಬ್ಬೋದು. ಅಪರೂಪಕ್ಕೆ ರಕ್ತವೂ ಹೋಗುತ್ತೆ. ಹೊಟ್ಟೆ ಡಾಕ್ಟ್ರ ಹತ್ತಿರ ಹೋದ್ರೆ ಕೊಲೊನೋಸ್ಕೋಪಿ ಮಾಡಿ “ಕರುಳು ನಾರ್ಮಲ್ ಇದೆ” ಅಂತ ಕಳಿಸಬಹುದು. ಅದು ಡಾಕ್ಟ್ರ ತಪ್ಪಲ್ಲ. ಮಳೆಗಾಲದಲ್ಲಿ ಮನೆ ಗೋಡೆ ಹೊರಗಡೆಯಿಂದ ನೀರು ಕುಡಿದಿರುತ್ತೆ, ಒಳಗಿನ ಪೇಂಟ್ ಮಾತ್ರ ಚೆನ್ನಾಗಿರುತ್ತೆ. ಕೊಲೊನೋಸ್ಕೋಪಿ ಕ್ಯಾಮೆರಾ ಕೋಣೆಯೊಳಗೆ ನಿಂತು ಪೇಂಟ್ ನೋಡೋ ಹಾಗೆ. ಎಂಡೊಮೆಟ್ರಿಯೋಸಿಸ್ ಹೊರಗಿನಿಂದ ಒಳಕ್ಕೆ ಬರೋದು, ಒಳಪದರ ಮುಟ್ಟೋದು ಕಡಿಮೆ. ಅಲ್ಸರೇಟಿವ್ ಕೊಲೈಟಿಸ್ ಒಳಪದರದಲ್ಲೇ ಇರೋದರಿಂದ ಕ್ಯಾಮೆರಾಗೆ ಸಿಕ್ಕಿಬೀಳುತ್ತೆ.

ಉಲ್ಟಾನೂ ನಡೆಯುತ್ತೆ. ಕ್ರೋನ್ಸ್ ಇರೋ ಹುಡುಗಿ ಬಲಗಡೆ ಕಿಬ್ಬೊಟ್ಟೆ ನೋವು ಅಂತ ಹೋದ್ರೆ, ವಯಸ್ಸು ನೋಡಿ ಅಂಡಾಶಯದ ತೊಂದರೆ ಅಂದುಕೊಳ್ಳಬಹುದು. ಎರಡೂ ಕಾಯಿಲೆ ಕಾಣಿಸಿಕೊಳ್ಳೋದು ಹೆಚ್ಚಾಗಿ ಹದಿಹರೆಯದಿಂದ ಮೂವತ್ತೈದರ ಒಳಗೆ, ಅಂದರೆ ಓದು, ಮದುವೆ, ಮಕ್ಕಳು ಅನ್ನೋ ವಯಸ್ಸಿನಲ್ಲೇ. ಹೆಂಗಸರ ಡಾಕ್ಟ್ರು ಗರ್ಭಕೋಶ ನೋಡ್ತಾರೆ, ಹೊಟ್ಟೆ ಡಾಕ್ಟ್ರು ಕರುಳು ನೋಡ್ತಾರೆ. ನಡುವೆ ಇರೋ ಜಾಗ ಯಾರ ಪಾಲಿಗೂ ಬರಲ್ಲ. ಇನ್ನೂ ಕಷ್ಟ ಅಂದ್ರೆ ಒಂದು ಹೆಸರು ಸಿಕ್ಕ ಕೂಡಲೇ ಹುಡುಕಾಟ ನಿಂತುಹೋಗೋದು. ‘ಎಂಡೊಮೆಟ್ರಿಯೋಸಿಸ್ ಇದೆಯಲ್ಲ, ಅದಕ್ಕೇ ನೋವು’ ಅಂತ ಹೊಸದಾಗಿ ಶುರುವಾದ ರಕ್ತಭೇದಿಯನ್ನೂ ಅದರ ಲೆಕ್ಕಕ್ಕೇ ಬರೆದುಬಿಡ್ತಾರೆ. ಡೆನ್ಮಾರ್ಕ್ ಅಧ್ಯಯನದಿಂದ ಇಲ್ಲಿನವರಿಗೆ ಉಪಯೋಗ ಆಗೋ ವಿಷಯ ಇದ್ದರೆ ಇದೇ: ಎರಡೂ ಇರಬಹುದು.

ಭಾರತದಲ್ಲಿ ಈ ಜೋಡಿಗೆ ಮೂರನೇದೂ ಸೇರುತ್ತೆ, ಕ್ಷಯ. ಟಿಬಿ ಬರೀ ಶ್ವಾಸಕೋಶಕ್ಕೆ ಬರೋದು ಅಂತ ತಿಳ್ಕೊಂಡವರೇ ಹೆಚ್ಚು. ಸಣ್ಣ ಕರುಳು ದೊಡ್ಡ ಕರುಳು ಸೇರೋ ಜಾಗಕ್ಕೆ ಟಿಬಿ ಬಂದರೆ ನೋಡೋಕೆ ಥೇಟ್ ಕ್ರೋನ್ಸ್ ಥರ. ಗರ್ಭನಾಳಕ್ಕೆ ಬಂದರೆ ಮಕ್ಕಳಾಗದೆ ಇರೋದಕ್ಕೂ ಅದೇ ಕಾರಣ ಆಗುತ್ತೆ. ಕ್ರೋನ್ಸ್ ಅಂದುಕೊಂಡು ಸ್ಟೀರಾಯ್ಡ್ ಕೊಟ್ಟು, ಒಳಗೆ ಇದ್ದದ್ದು ಟಿಬಿ ಆದ್ರೆ ಅದು ಉಲ್ಬಣಿಸುತ್ತೆ. ಅದಕ್ಕೇ ಡಾಕ್ಟ್ರು ಕರುಳಿನ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು ಅಂದ್ರೆ ‘ಸುಮ್ನೆ ದುಡ್ಡು ಮಾಡೋಕೆ’ ಅಂತ ಎದ್ದು ಬರೋದು ಬೇಡ.

ಮಾತ್ರೆ ಮತ್ತು ಕೌಂಟರ್

ಮುಟ್ಟಿನ ನೋವಿಗೆ ಇಲ್ಲಿ ಹೆಚ್ಚು ಹೋಗೋದು ಮೆಫೆನಾಮಿಕ್ ಆಸಿಡ್ ಇರೋ ಮಾತ್ರೆಗಳು. ತಿಂಗಳಲ್ಲಿ ಒಂದೆರಡು ಸಲ ತಗೊಂಡ್ರೆ ಬಹಳಷ್ಟು ಜನರಿಗೆ ಏನೂ ಆಗಲ್ಲ, ನೋವು ಕಡಿಮೆ ಆಗುತ್ತೆ. ಅದು ನಿಜ. ಆದರೆ ಈ ಗುಂಪಿನ ನೋವುನಿವಾರಕಗಳು, ಐಬುಪ್ರೊಫೆನ್, ಡೈಕ್ಲೋಫೆನಾಕ್ ಸೇರಿ, ಕರುಳಿನ ಒಳಪದರವನ್ನ ಕೆರಳಿಸಬಹುದು. ಐಬಿಡಿ ಇರೋರಿಗೆ ಇವನ್ನ ಕೊಡುವಾಗ ಡಾಕ್ಟ್ರು ಎಚ್ಚರಿಕೆ ವಹಿಸೋದು ಅದಕ್ಕೇ. ಅಂದ್ರೆ ಎರಡೂ ಕಾಯಿಲೆ ಇರೋ ಹೆಣ್ಣುಮಗಳು ಒಂದರ ನೋವಿಗೆ ತಗೊಳ್ಳೋ ಮಾತ್ರೆ ಇನ್ನೊಂದನ್ನ ಕೆದಕೋ ಸಾಧ್ಯತೆ ಇದೆ. ಮೆಫೆನಾಮಿಕ್ ಆಸಿಡ್‌ನಿಂದ ಅಪರೂಪಕ್ಕೆ ಗಂಭೀರ ಅಲರ್ಜಿ ಆಗಬಹುದು ಅಂತ ಭಾರತೀಯ ಔಷಧ ಸಂಹಿತೆ ಆಯೋಗ 2023ರ ನವೆಂಬರ್‌ನಲ್ಲಿ ಎಚ್ಚರಿಕೆ ಹೊರಡಿಸಿದ್ದೂ ಉಂಟು, ಅದು ಬೇರೆ ವಿಷಯ.

ಇನ್ನೊಂದು ಸೂಕ್ಷ್ಮ ಇದೆ. ಕರುಳಲ್ಲಿ ಉರಿಯೂತ ಇದೆಯಾ ಅಂತ ನೋಡೋಕೆ ಮಲದ ಒಂದು ಪರೀಕ್ಷೆ ಇದೆ, ಹೆಸರು ಕ್ಯಾಲ್‌ಪ್ರೊಟೆಕ್ಟಿನ್. ಐಬಿಡಿ ಇದ್ದರೆ ಸಾಮಾನ್ಯವಾಗಿ ಹೆಚ್ಚು ಬರುತ್ತೆ, ಐಬಿಎಸ್‌ನಲ್ಲಿ ಸಾಮಾನ್ಯವಾಗಿ ನಾರ್ಮಲ್. ಒಳ್ಳೇ ಪರೀಕ್ಷೆ. ಆದರೆ ಈ ನೋವಿನ ಮಾತ್ರೆಗಳಿಂದಲೂ ಅದು ಏರುತ್ತೆ. ಪ್ರತಿ ತಿಂಗಳು ಕೌಂಟರ್‌ನಿಂದ ಮಾತ್ರೆ ತಗೊಂಡು ಡಾಕ್ಟ್ರ ಮುಂದೆ “ಏನೂ ತಗೊಂಡಿಲ್ಲ ಸಾರ್” ಅಂದ್ರೆ ರಿಪೋರ್ಟ್ ದಾರಿ ತಪ್ಪಿಸುತ್ತೆ. ತಿಂದ ಮಾತ್ರೆಯ ಖಾಲಿ ಪಟ್ಟಿ ತಗೊಂಡು ಹೋದ್ರೂ ಸಾಕು.

ಔಷಧಿ ಅಂಗಡಿಯವರು ಡಾಕ್ಟ್ರು ಆಗಬೇಕಿಲ್ಲ. ಒಬ್ಬಳೇ ಹುಡುಗಿ ನಾಲ್ಕೈದು ತಿಂಗಳು ಸತತವಾಗಿ ಬರ್ತಾ ಇದ್ರೆ, ಎರಡು ಮಾತ್ರೆ ಹೋಗಿ ಒಂದು ಪಟ್ಟಿ ಆಗಿದ್ರೆ, “ಒಂದ್ಸಲ ಡಾಕ್ಟ್ರಿಗೆ ತೋರಿಸಮ್ಮ” ಅನ್ನೋಕೆ ಲೈಸೆನ್ಸ್ ಬೇಡ. ಬಟ್ಟೆ ಅಂಗಡಿ, ಫ್ಯಾನ್ಸಿ ಸ್ಟೋರ್ ಇಟ್ಟವರಿಗೂ ಒಂದು ಮಾತು. ಭೇದಿಯ ಅವಸರ ಇರೋ ಕಾಯಿಲೆಯಲ್ಲಿ ಸೇಲ್ಸ್ ಹುಡುಗಿಗೆ ಬೇಕಾಗೋದು ಹತ್ತಿರದಲ್ಲೊಂದು ಶೌಚಾಲಯ. ಅದಿಲ್ಲದ್ದಕ್ಕೆ ಬೆಳಿಗ್ಗೆಯಿಂದ ಊಟ, ನೀರು ಬಿಟ್ಟು ನಿಲ್ಲೋರು ಮಾರ್ಕೆಟ್ ರಸ್ತೆಯಲ್ಲಿ ಇದ್ದಾರೆ. ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆಯ ನೀತಿಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದು ನಾಲ್ಕು ಜನ ಕೆಲಸ ಮಾಡೋ ಅಂಗಡಿವರೆಗೆ ಬರೋದು ಯಾವಾಗಲೋ. ಕೀಲಿ ಹಾಕಿರೋ ಶೌಚಾಲಯದ ಬಾಗಿಲು ತೆಗೆಯೋಕೆ ಮಾತ್ರ ಸಂಪುಟ ಸೇರಬೇಕಿಲ್ಲ.

‘ಗರ್ಭಕೋಶ ತೆಗೆಸಿಬಿಡಿ’ ಅನ್ನೋ ಮೊದಲು

ಹಳ್ಳಿಗಳಲ್ಲಿ ಈ ನೋವಿಗೆ ಎರಡು ಪರಿಹಾರ ಹೇಳ್ತಾರೆ. ಮದುವೆ ಆಗಿಲ್ಲದಿದ್ದರೆ “ಮದುವೆ ಆಗಿ ಒಂದು ಮಗು ಆದ್ರೆ ಸರಿಹೋಗುತ್ತೆ”. ಮಕ್ಕಳಾಗಿದ್ದರೆ “ಇನ್ನೇನು ಕೆಲಸ ಅದಕ್ಕೆ, ತೆಗೆಸಿಬಿಡಿ”.

ಮೊದಲನೆಯದು ಚಿಕಿತ್ಸೆ ಅಲ್ಲ. ಬಸುರಿಯಾದಾಗ ಮುಟ್ಟು ನಿಲ್ಲೋದರಿಂದ ನೋವು ಕಡಿಮೆ ಅನ್ನಿಸಬಹುದು, ಕಾಯಿಲೆ ಹೋಗಲ್ಲ. ಬರೀ ಕಾಯಿಲೆ ವಾಸಿ ಆಗಲಿ ಅಂತ ಬಸುರಿಯಾಗಲು ಸಲಹೆ ಕೊಡಬಾರದು ಅಂತ ಯುರೋಪಿನ ಸಂತಾನ ವೈದ್ಯರ ಸಂಘ 2022ರ ಮಾರ್ಗಸೂಚಿಯಲ್ಲೇ ಬರೆದಿದೆ.

ಎರಡನೆಯದು ಇನ್ನೂ ಗಂಭೀರ. ಗರ್ಭಕೋಶ ತೆಗೆದರೂ ಕರುಳಿನ ಮೇಲೆ ಕೂತ ಎಂಡೊಮೆಟ್ರಿಯೋಸಿಸ್ ತುಣುಕು ಅಲ್ಲೇ ಇರುತ್ತೆ. ಅಂಡಾಶಯ ಉಳಿದಿದ್ದರೆ ಹಾರ್ಮೋನೂ ಸಿಗ್ತಾ ಇರುತ್ತೆ. ನೋವು ಹಾಗೇ ಮುಂದುವರಿಯಬಹುದು. ಅಸಲಿಗೆ ಇದ್ದದ್ದು ಕ್ರೋನ್ಸೋ ಕೊಲೈಟಿಸ್ಸೋ ಆಗಿದ್ರಂತೂ ಗರ್ಭಕೋಶಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ಆಪರೇಷನ್ ಪೂರ್ತಿ ವ್ಯರ್ಥ. ಚಿಕ್ಕ ವಯಸ್ಸಲ್ಲೇ ಅಂಡಾಶಯಾನೂ ತೆಗೆದರೆ ಮೂಳೆ ಸವೆತ, ಹೃದಯದ ತೊಂದರೆ ಬೇರೆ. ಎಲ್ಲರಿಗೂ ಬೇಡ ಅಂತಲ್ಲ, ಕೆಲವರಿಗೆ ಆ ಆಪರೇಷನ್ ಬೇಕೇ ಬೇಕಾಗುತ್ತೆ. ಆದರೆ ಅನಗತ್ಯವಾಗಿ ಗರ್ಭಕೋಶ ತೆಗೆಯೋದು ದೇಶದಲ್ಲಿ ಎಷ್ಟು ನಡೆದಿದೆ ಅಂದ್ರೆ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. ಅದನ್ನ ತಡೆಯೋಕೆ ಕೇಂದ್ರ ಆರೋಗ್ಯ ಸಚಿವಾಲಯ ಮಾಡಿದ ಮಾರ್ಗಸೂಚಿಯನ್ನ ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಿ ಅಂತ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಿತು. ಬೇರೊಬ್ಬ ಡಾಕ್ಟ್ರ ಹತ್ತಿರ ಇನ್ನೊಂದು ಅಭಿಪ್ರಾಯ ಕೇಳಿದ್ರೆ ಮೊದಲಿನ ಡಾಕ್ಟ್ರಿಗೆ ಅವಮಾನ ಮಾಡಿದ ಹಾಗೆ ಆಗಲ್ಲ.

ಕ್ಯಾಲೆಂಡರ್ ಮೇಲೆ ಗುರುತು

ಡಾಕ್ಟ್ರ ಹತ್ತಿರ ಹೋಗೋ ಮುಂಚೆ ಖರ್ಚಿಲ್ಲದ ಒಂದು ಕೆಲಸ ಇದೆ. ಅಡುಗೆಮನೆ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್ ಇರುತ್ತಲ್ಲ, ಅದರಲ್ಲೇ ಎರಡು ಮೂರು ತಿಂಗಳು ಗುರುತು ಹಾಕಿ. ಮುಟ್ಟಾದ ದಿನ, ನೋವು ಬಂದ ದಿನ, ಭೇದಿ ಆದ ದಿನ, ರಕ್ತ ಕಂಡ ದಿನ, ಮಾತ್ರೆ ತಗೊಂಡ ದಿನ. ಬೇರೆಯವರಿಗೆ ಅರ್ಥ ಆಗದಿರೋ ಹಾಗೆ ಚುಕ್ಕಿ, ಗೆರೆ ಹಾಕಿಕೊಂಡರೂ ನಡೆಯುತ್ತೆ.

ಕರುಳಿನ ತೊಂದರೆ ಮುಟ್ಟಿನ ಆಸುಪಾಸಲ್ಲೇ ಬಂದು ಉಳಿದ ದಿನ ಆರಾಮ ಇದ್ದರೆ ಎಂಡೊಮೆಟ್ರಿಯೋಸಿಸ್ ಕಡೆ ಬೊಟ್ಟು ತೋರಿಸುತ್ತೆ. ಮುಟ್ಟಿಗೂ ಅದಕ್ಕೂ ಸಂಬಂಧ ಇಲ್ಲದೆ ವಾರಗಟ್ಟಲೆ ಭೇದಿ, ರಕ್ತ, ರಾತ್ರಿ ಎದ್ದು ಓಡೋದು, ತೂಕ ಇಳಿಯೋದು ಇದ್ದರೆ ಐಬಿಡಿ ಅಥವಾ ಟಿಬಿ ಕಡೆ. ಇದು ಪಕ್ಕಾ ತೀರ್ಪಲ್ಲ. ಮುಟ್ಟಿನ ಹೊತ್ತಿಗೆ ಯಾವ ಕಾಯಿಲೆ ಇಲ್ಲದವರಿಗೂ ಮಲ ಸಡಿಲ ಆಗುತ್ತೆ, ಐಬಿಡಿ ಇರೋರಿಗೂ ಆಗ ಜಾಸ್ತಿ ಆಗುತ್ತೆ. ಎಂಡೊಮೆಟ್ರಿಯೋಸಿಸ್ ಹಳೇದಾದ ಮೇಲೆ ನೋವು ತಿಂಗಳಿಡೀ ಇರೋದೂ ಉಂಟು. ಆದರೂ “ಯಾವಾಗ್ಲೂ ಹೊಟ್ಟೆನೋವು ಡಾಕ್ಟ್ರೇ” ಅನ್ನೋದಕ್ಕಿಂತ ಆ ಕ್ಯಾಲೆಂಡರ್ ಹಾಳೆ ಮೇಜಿನ ಮೇಲೆ ಇಟ್ಟರೆ ಎರಡು ನಿಮಿಷದ ಓಪಿಡಿಯಲ್ಲಿ ಹತ್ತು ನಿಮಿಷದ ಮಾತು ಮುಗಿಯುತ್ತೆ.

ಸ್ಕ್ಯಾನಿಂಗ್ ಬಗ್ಗೆಯೂ ಗೊತ್ತಿರಲಿ. ಹೊಟ್ಟೆ ಮೇಲಿಂದ ಮಾಡೋ ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಚಾಕೊಲೇಟ್ ಸಿಸ್ಟ್ ಕಾಣಬಹುದು, ಸಣ್ಣ ತುಣುಕು ಕಾಣಲ್ಲ. ಯೋನಿ ಮೂಲಕ ಮಾಡೋ ಸ್ಕ್ಯಾನಿಂಗ್, ಎಂಆರ್‌ಐ ಹೆಚ್ಚು ಹೇಳ್ತವೆ, ಅದನ್ನ ಓದೋಕೆ ಪಳಗಿದ ಕಣ್ಣು ಬೇಕು. ಮದುವೆ ಆಗದವರಿಗೆ ಸಾಮಾನ್ಯವಾಗಿ ಮೊದಲ ವಿಧಾನ ಮಾಡಿ ‘ನಾರ್ಮಲ್’ ಅಂತ ಬರೆದು ಕೊಡ್ತಾರೆ. ಆ ನಾರ್ಮಲ್ ಅಂದ್ರೆ ‘ಇಲ್ಲ’ ಅಂತಲ್ಲ, ‘ಈ ಸ್ಕ್ಯಾನಿಂಗ್‌ಗೆ ಕಾಣಲಿಲ್ಲ’ ಅಂತ. ಹಿಂದೆ ಲ್ಯಾಪರೋಸ್ಕೋಪಿ ಮಾಡಿ ನೋಡಿದ ಮೇಲೇ ಚಿಕಿತ್ಸೆ ಅನ್ನೋ ಪದ್ಧತಿ ಇತ್ತು. ಈಗ ಲಕ್ಷಣ ನೋಡಿ ಹಾರ್ಮೋನ್ ಮಾತ್ರೆ ಶುರು ಮಾಡೋದೂ ಇದೆ.

ಚಿಕಿತ್ಸೆ ಎರಡಕ್ಕೂ ಬೇರೆ ಬೇರೆ. ಎಂಡೊಮೆಟ್ರಿಯೋಸಿಸ್‌ಗೆ ನೋವಿನ ಮಾತ್ರೆ, ಹಾರ್ಮೋನ್ ಮಾತ್ರೆ, ಬೇಕಾದ್ರೆ ಆಪರೇಷನ್. ಕರುಳಿಗೆ ಹತ್ತಿದ್ದರೆ ಆಪರೇಷನ್ ಹೊತ್ತಿಗೆ ಕರುಳಿನ ಸರ್ಜನ್ ಕೂಡ ಜೊತೆಗಿರಬೇಕು. ಐಬಿಡಿಗೆ ಮೆಸಲಮೈನ್, ಸ್ವಲ್ಪ ದಿನ ಸ್ಟೀರಾಯ್ಡ್, ಜಾಸ್ತಿ ಇದ್ದರೆ ರಕ್ಷಣಾ ವ್ಯವಸ್ಥೆ ಹತೋಟಿಗೆ ತರೋ ಔಷಧಿ. ಎರಡೂ ಬೇರುಸಹಿತ ಹೋಗೋ ಕಾಯಿಲೆ ಅಲ್ಲ, ಹತೋಟಿಯಲ್ಲಿ ಇಡೋ ಕಾಯಿಲೆ. ‘ಗ್ಯಾರಂಟಿ ಗುಣ’ ಅಂದವರ ಹತ್ತಿರ ದುಡ್ಡು ಸುರಿಯಬೇಡಿ.

ಹೋಗೋದಾದ್ರೆ ಮೊದಲು ತಾಲೂಕು ಆಸ್ಪತ್ರೆಯ ಹೆಂಗಸರ ಡಾಕ್ಟ್ರಿಗೆ ತೋರಿಸಿ, ಕರುಳಿನ ಲಕ್ಷಣವನ್ನೂ ಬಾಯಿಬಿಟ್ಟು ಹೇಳಿ. ಅವರು ಕೇಳದಿದ್ದರೂ ಹೇಳಿ. ಮುಂದೆ ಕಳಿಸಬೇಕು ಅನ್ನಿಸಿದ್ರೆ ರೆಫರಲ್ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು. ಯಾವ ಆಪರೇಷನ್ ಅದರಲ್ಲಿ ಬರುತ್ತೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನ ಮೊದಲೇ ಕೇಳಿ. ಕರುಳಿನ ತಜ್ಞರು ಬೇಕಾದ್ರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ.

ಕೆಲವಕ್ಕೆ ಮಾತ್ರ ಕ್ಯಾಲೆಂಡರ್ ನೋಡ್ತಾ ಕೂರೋದು ಬೇಡ. ಹೊಟ್ಟೆ ಗಟ್ಟಿಯಾಗಿ ಉಬ್ಬಿ, ವಾಂತಿ ಆಗ್ತಾ, ಮಲವೂ ಗಾಳಿಯೂ ಹೋಗದೆ ನಿಂತಿದ್ದರೆ ಕರುಳು ಕಟ್ಟಿಕೊಂಡಿರಬಹುದು. ರಕ್ತ ಧಾರಾಳವಾಗಿ ಹೋಗ್ತಿದ್ದರೆ, ತಲೆಸುತ್ತು ಬಂದು ಬಿದ್ದರೆ, ನೋವಿನ ಜೊತೆ ಚಳಿಜ್ವರ ಇದ್ದರೆ ಅದೇ ರಾತ್ರಿ 108ಕ್ಕೆ ಫೋನ್ ಮಾಡಿ. ಹಳೇ ರಿಪೋರ್ಟ್, ಸ್ಕ್ಯಾನಿಂಗ್ ಫಿಲ್ಮ್ ಎಲ್ಲ ಒಂದೇ ಕವರ್‌ನಲ್ಲಿ ಹಾಕಿಟ್ಟಿದ್ದರೆ ಆ ಗಡಿಬಿಡಿಯಲ್ಲಿ ಹುಡುಕೋದು ತಪ್ಪುತ್ತೆ.